ಹಳೇ ಕಂಡೆನ್ಸರನ್ನು ಎಸೆಯಬೇಡಿ

(ಬದಿಯಡ್ಕದ ಹತ್ತಿರದ ಒಂದು ಗ್ರಂಥಾಲಯದ ತಿಂಗಳ ಕೂಟದಲ್ಲಿ ಆಡಿದ ಮಾತು, ಬರಹ ರೂಪದಲ್ಲಿ)

ಮೊದಲು ಇದನ್ನು ನೋಡಿ. ಹಿಂದೆ ಕೂತವರಿಗೆ ಕಾಣುತ್ತದಾ? ಕಿರುಬೆರಳಿನಷ್ಟು ಇರುವ ತಗಡಿನ ಡಬ್ಬಿ, ಅದಕ್ಕೆ ಬಾಲದ ಹಾಗೆ ಒಂದು ವಯರು. ಇದಕ್ಕೆ ಕಂಡೆನ್ಸರ್ ಅನ್ನುತ್ತಾರೆ, ಹಳೇ ಕಾರಿನ ಎಂಜಿನಿನ ಒಂದು ಪುಟ್ಟ ಪಾರ್ಟು. ಕೈಯಿಂದ ಕೈಗೆ ದಾಟಿಸಿ, ಎಲ್ಲರೂ ನೋಡಿ. ಆದರೆ ವಾಪಸ್ ಕೊಡಿ, ನನಗೆ ಬೇಕು. ನನ್ನನ್ನು ಮೂರು ತಿಂಗಳು ಕುಣಿಸಿದ್ದು ಇದರ ತಮ್ಮ, ಹೊಸ ಕಂಡೆನ್ಸರ್. ಇದು ಹಳೇದು. ಕೊನೆಗೆ ಮನೆ ಮುಟ್ಟಿಸಿದ್ದು ಇದೇ.

ಗಾಡಿ ಹೊರಗೆ ಮಾವಿನ ಮರದ ಕೆಳಗೆ ನಿಂತಿದೆ, ಬರುವಾಗ ನೋಡಿರುತ್ತೀರಿ. 1972ರ ಫಿಯೆಟ್ 1100 ಡಿಲೈಟ್. ಈಗಿನವರು ನೋಡಿದ ತಕ್ಷಣ "ಓ, ಪದ್ಮಿನಿ" ಅನ್ನುತ್ತಾರೆ. ತಪ್ಪೇನಿಲ್ಲ. 1964ರಿಂದ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ಈ ಡಿಲೈಟ್ ತಯಾರಿಸುತ್ತಿದ್ದರು. ಆಮೇಲೆ ಅದೇ ಗಾಡಿ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪದ್ಮಿನಿ ಆಯಿತು. ಎಂಜಿನ್ 1089 ಸಿಸಿ, ಗೇರು ಸ್ಟೇರಿಂಗಿನ ಪಕ್ಕದಲ್ಲಿ. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ನನ್ನ ಮಾವ ತಗೊಂಡದ್ದು. ಅವರ ಕಾಲದ ಮೇಲೆ ಹತ್ತೊಂಬತ್ತು ವರ್ಷ ಅಡಿಕೆ ಸಿಪ್ಪೆಯ ರಾಶಿಯ ಪಕ್ಕದಲ್ಲಿ ಹಾಗೇ ನಿಂತಿತ್ತು. ಒಂದು ಸಲ ಕೋಳಿ ಹಿಂದಿನ ಸೀಟಲ್ಲಿ ಮರಿ ಮಾಡಿತ್ತು.

ತಗಡಿನ ಕೆಲಸದ ಬಗ್ಗೆ ನಾನು ಮಾತಾಡುವುದಿಲ್ಲ. ನಮ್ಮ ಮಳೆ, ನಮ್ಮ ಉಪ್ಪುಗಾಳಿ, ತುಕ್ಕು, ವೆಲ್ಡಿಂಗು, ಪುಟ್ಟಿ. ಅದು ನಿಮಗೆಲ್ಲ ಗೊತ್ತಿರುವ ಕಥೆ. ದುಡ್ಡು ಕೊಟ್ಟರೆ ಆಗುತ್ತದೆ. ನಾನು ಹೇಳಬೇಕಾದ್ದು ಆಮೇಲಿನದ್ದು. ಗಾಡಿ ಹೊಳೆಯುತ್ತದೆ, ಎಂಜಿನ್ ಬಿಚ್ಚಿ ಕಟ್ಟಿಯಾಗಿದೆ, ಹಳೇದೆಲ್ಲ ತೆಗೆದು ಹೊಸ ಪಾರ್ಟು ಹಾಕಿಯಾಗಿದೆ. ಆದರೂ ಗಾಡಿ ಓಡುವುದಿಲ್ಲ. ಯಾಕೆ?

ನನ್ನದು ಹೀಗಾಯಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಒಂದೇ ಏಟಿಗೆ ಸ್ಟಾರ್ಟ್. ಚೆರ್ಕಳದ ಕಡೆಗೆ ಹೊರಟರೆ ನೆಕ್ರಾಜೆಯ ತನಕ ರಾಜನ ಹಾಗೆ ಹೋಗುತ್ತದೆ. ಎಡನೀರು ಹತ್ತಿರವಾಗುತ್ತಿದ್ದ ಹಾಗೆ ಒಂದು ಕೆಮ್ಮು, ಎರಡು ಕೆಮ್ಮು, ನಿಂತೇ ಬಿಡುತ್ತದೆ. ಕಾಲು ಗಂಟೆ ಬಾನೆಟ್ ಎತ್ತಿಟ್ಟು ಕೂತರೆ ಮತ್ತೆ ಸ್ಟಾರ್ಟ್. ಎಡನೀರು ಮಠಕ್ಕೆ ಅಷ್ಟು ಸಲ ಹರಕೆ ಹೊತ್ತವರೂ ಹೋಗಿರಲಿಕ್ಕಿಲ್ಲ. ಅಲ್ಲಿಯ ಅಂಗಡಿಯವರು ನನ್ನನ್ನು ದೂರದಿಂದ ನೋಡಿದರೆ ಚಾಕ್ಕೆ ನೀರಿಡುತ್ತಿದ್ದರು.

ನೋಡಿದವರೆಲ್ಲ ಹೇಳಿದ್ದು ಒಂದೇ: "ಪೆಟ್ರೋಲ್ ಪಂಪು ಮಾರಾಯ್ರೆ. ಬಿಸಿಗೆ ಪೆಟ್ರೋಲು ಆವಿಯಾಗ್ತದೆ." ಇದು ಹಳೇ ಗಾಡಿಯವರಿಗೆಲ್ಲ ಗೊತ್ತಿರುವ ರೋಗ. ಪಂಪು ಎಂಜಿನಿಗೇ ಅಂಟಿಕೊಂಡಿರುತ್ತದೆ. ಬಿಸಿ ಜಾಸ್ತಿಯಾದರೆ ಅದರೊಳಗೆ ಪೆಟ್ರೋಲು ಕುದಿದು ಗುಳ್ಳೆ ಕಟ್ಟುತ್ತದೆ. ಪಂಪು ಎಳೆಯುವುದು ಬರೇ ಗಾಳಿಯನ್ನು. ಮದ್ದು ಏನು? ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುವುದು. ನಾನೂ ಸುತ್ತಿದೆ. ಗಾಡಿ ಸ್ಟಾರ್ಟ್ ಆಯಿತು! ಹಾಗಾದರೆ ರೋಗ ಗೊತ್ತಾಯಿತು ಅಲ್ವಾ?

ಇಲ್ಲ. ಇಲ್ಲೇ ನಾನು ಬಿದ್ದದ್ದು. ಬಟ್ಟೆ ಹುಡುಕಿ, ಬಾಟಲಿಯ ನೀರು ಸುರಿದು, ಸುತ್ತಿ, ಕಾದು, ಚಾ ಕುಡಿದು ಬರುವಾಗ ಕಾಲು ಗಂಟೆ ಆಗಿರುತ್ತದೆ. ಬಟ್ಟೆ ಸುತ್ತದೆ ಸುಮ್ನೆ ಕೂತಿದ್ದರೂ ಆ ಕಾಲು ಗಂಟೆಗೆ ಗಾಡಿ ಸ್ಟಾರ್ಟ್ ಆಗುತ್ತಿತ್ತು. ಗುಣ ಮಾಡಿದ್ದು ಬಟ್ಟೆಯಲ್ಲ, ಹೊತ್ತು. ಇದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ. ಅಷ್ಟರಲ್ಲಿ ಪಂಪು ಬದಲಾಯಿಸಿ ಆಗಿತ್ತು.

ಹೊಸ ಪಂಪು ಹಾಕಿದ ಮೇಲೆ ಏನಾಯಿತು ಕೇಳಿ. ಎಡನೀರಲ್ಲಿ ನಿಲ್ಲುವುದು ನಿಲ್ಲಲಿಲ್ಲ. ಅದರ ಜೊತೆಗೆ ಈಗ ಟ್ರಾಫಿಕ್ಕಿನಲ್ಲಿ ನಿಧಾನ ಮಾಡಿದರೂ ಆಫ್ ಆಗತೊಡಗಿತು. ಹೊಗೆ ಕಪ್ಪು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನಿಂದ ಪೆಟ್ರೋಲಿನ ವಾಸನೆ. ಪ್ಲಗ್ ಬಿಚ್ಚಿ ನೋಡಿದರೆ ದೀಪದ ಮಸಿ ಹಿಡಿದ ಹಾಗಿದೆ. ಅಂದರೆ ಪೆಟ್ರೋಲು ಜಾಸ್ತಿ ಬರುತ್ತಿದೆ. ಮೊದಲು ಪೆಟ್ರೋಲು ಬರುತ್ತಿಲ್ಲ ಅಂದುಕೊಂಡಿದ್ದೆವು, ಈಗ ಜಾಸ್ತಿ ಬರುತ್ತಿದೆ. ಎರಡು ರೋಗ ಒಂದರ ಮೇಲೊಂದು ಕೂತವು. ಒಂದರ ಲಕ್ಷಣ ಇನ್ನೊಂದನ್ನು ಮುಚ್ಚುತ್ತದೆ. ಯಾವ ಮೆಕ್ಯಾನಿಕ್ ಬಂದರೂ ತಲೆ ಕೆರೆದುಕೊಳ್ಳಬೇಕು.

ಪಂಪಿನ ವಿಷಯವನ್ನೇ ಮೊದಲು ಮುಗಿಸುತ್ತೇನೆ, ಅದು ಸಣ್ಣದು. ಹಳೇ ಪಂಪನ್ನು ನಾನು ಎಸೆದಿರಲಿಲ್ಲ. ಮೇಜಿನ ಮೇಲೆ ಎರಡನ್ನೂ ಪಕ್ಕ ಪಕ್ಕ ಇಟ್ಟೆ. ನೋಡಲಿಕ್ಕೆ ಅವಳಿ ಮಕ್ಕಳು. ಆದರೆ ಹಳೇದರ ಬುಡದಲ್ಲಿ ಬೇಕಲೈಟಿನ ಒಂದು ದಪ್ಪ ಬಿಲ್ಲೆ ಇತ್ತು. ಅದರ ಆಚೆ ಈಚೆ ಕಾಗದದ ಗ್ಯಾಸ್ಕೆಟ್. ಹೊಸದರ ಜೊತೆ ಬಂದದ್ದು ಒಂದೇ ಒಂದು ಕಾಗದ. ನಮ್ಮ ಹುಡುಗ ಹೊಸ ಪಂಪಿಗೆ ಹೊಸ ಕಾಗದ ಹಾಕಿ ಬಿಗಿದಿದ್ದ. ಬಿಲ್ಲೆಯನ್ನು ಕಸ ಅಂದುಕೊಂಡಿದ್ದ.

ಆ ಬಿಲ್ಲೆಗೆ ಎರಡು ಕೆಲಸ. ಒಂದು, ಎಂಜಿನಿನ ಬಿಸಿ ಪಂಪಿಗೆ ಹತ್ತದ ಹಾಗೆ ತಡೆಯುವುದು. ಎರಡು, ಪಂಪಿನ ಸನ್ನೆ ಎಂಜಿನ್ ಒಳಗೆ ಎಷ್ಟು ಹೋಗಬೇಕು ಅನ್ನುವುದನ್ನು ಅಳತೆಯಲ್ಲಿ ಇಡುವುದು. ಬಿಲ್ಲೆ ಇಲ್ಲದಿದ್ದರೆ ಸನ್ನೆ ಒಳಗೆ ಜಾಸ್ತಿ ಹೋಗುತ್ತದೆ, ಎಂಜಿನ್ ಒಳಗೆ ತಿರುಗುವ ಕ್ಯಾಮು ಅದನ್ನು ಜಾಸ್ತಿ ದೂಡುತ್ತದೆ, ಒಳಗಿನ ಸ್ಪ್ರಿಂಗು ಜಾಸ್ತಿ ಅಮುಕುತ್ತದೆ, ಪೆಟ್ರೋಲಿನ ಒತ್ತಡ ಏರುತ್ತದೆ. ಕಾರ್ಬುರೇಟರಿನ ಒಳಗೆ ಇರುವುದು ಒಂದು ಪುಟ್ಟ ಸೂಜಿ ವಾಲ್ವು. ಅದು ಎಷ್ಟೂಂತ ತಡೆದೀತು? ತೋಟದ ಟ್ಯಾಂಕಿಯ ಫ್ಲೋಟ್ ವಾಲ್ವಿಗೆ ಸೀದಾ ಮೋಟರ್ ಪಂಪಿನ ನೀರು ಬಿಟ್ಟ ಹಾಗೆ. ಹಳೇ ಬಿಲ್ಲೆಯನ್ನು ಹುಡುಕಿ ಹಾಕಿದೆವು. ಅರ್ಧ ಗಂಟೆಯ ಕೆಲಸ, ಕಪ್ಪು ಹೊಗೆ ಹೋಯಿತು.

ಇದರಲ್ಲಿ ಪಂಪು ಮಾಡಿದವರ ತಪ್ಪು ಇಲ್ಲ ಅಂತಲೇ ನನ್ನ ಅಭಿಪ್ರಾಯ. ಹೊಸ ಪಾರ್ಟು ಕೆಟ್ಟದ್ದಾಗಿರಬೇಕು ಅಂತಿಲ್ಲ. ಒಳ್ಳೇದಾಗಿದ್ದೂ ನಿಮ್ಮ ಗಾಡಿಗೆ ಸರಿಯಾಗದೆ ಇರಬಹುದು.

ಈಗ ಕಂಡೆನ್ಸರಿಗೆ ಬರೋಣ. ಪಂಪಿನ ಗಲಾಟೆ ಮುಗಿದ ಮೇಲೆ ಮತ್ತೆ ಹೊರಟೆ. ಮತ್ತೆ ಎಡನೀರಿನ ಹತ್ತಿರ ನಿಂತಿತು. ಆವತ್ತು ನನಗೆ ಸಿಟ್ಟು ಬಂದಿತ್ತು. ಸಿಟ್ಟಿನಲ್ಲಿ ಒಂದು ಒಳ್ಳೆ ಕೆಲಸ ಮಾಡಿದೆ. ಕಾಯಲಿಲ್ಲ, ಬಟ್ಟೆ ಸುತ್ತಲಿಲ್ಲ. ನಿಂತ ಕೂಡಲೇ, ಬಿಸಿ ಬಿಸಿ ಇರುವಾಗಲೇ ನೋಡಿದೆ. ಪೆಟ್ರೋಲ್ ಎಂಜಿನಿಗೆ ಬೇಕಾದ್ದು ಪೆಟ್ರೋಲು, ಗಾಳಿ, ಕಿಡಿ. ಕಾರ್ಬುರೇಟರಿನ ಬಾಯಿ ತೆರೆದು ಆಕ್ಸಿಲರೇಟರ್ ಒತ್ತಿದರೆ ಪೆಟ್ರೋಲು ಪಿಚಕಾರಿಯ ಹಾಗೆ ಚಿಮ್ಮುತ್ತಿದೆ. ಪೆಟ್ರೋಲು ಇದೆ! ಅದನ್ನು ಮುಚ್ಚಿ, ಪ್ಲಗ್ಗುಗಳಿಗೆ ಕರೆಂಟು ಹಂಚುವ ಡೆಲ್ಕೋದ ನಡುವಿನ ದಪ್ಪ ವಯರು ತೆಗೆದು, ಅದರ ತುದಿಯನ್ನು ಎಂಜಿನಿನ ಕಬ್ಬಿಣಕ್ಕೆ ಹತ್ತಿರ ಹಿಡಿದೆ. ಒಬ್ಬ ಹುಡುಗನ ಹತ್ತಿರ ಸೆಲ್ಫ್ ಹೊಡೆಸಿದೆ. ನೀಲಿ ಕಿಡಿ ಚಟ್ ಚಟ್ ಅಂತ ಹಾರಬೇಕು. ಹಾರಿದ್ದು ಮಿಣುಕುಹುಳದ ಹಾಗೆ, ಹಳದಿ, ಅದೂ ಒಮ್ಮೊಮ್ಮೆ.

ಈ ಪರೀಕ್ಷೆಯನ್ನು ಬರೀ ಕೈಯಲ್ಲಿ ಮಾಡಬೇಡಿ. ಅಲ್ಲಿ ಸಾವಿರಗಟ್ಟಲೆ ವೋಲ್ಟು ಇರುತ್ತದೆ. ರಬ್ಬರ್ ಹಿಡಿಯ ಇಕ್ಕಳ ಬೇಕು, ಹತ್ತಿರ ಪೆಟ್ರೋಲು ಚೆಲ್ಲಿರಬಾರದು. ಡೆಲ್ಕೋ ಅಂದರೆ ಡಿಸ್ಟ್ರಿಬ್ಯೂಟರ್. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಡಿಸ್ಟ್ರಿಬ್ಯೂಟರ್ ಅಂದರೆ ಗ್ಯಾಸ್ ಸಿಲಿಂಡರಿನ ಏಜೆನ್ಸಿ ಅಂದುಕೊಳ್ಳುತ್ತಾರೆ.

ಕಿಡಿ ಇಲ್ಲ ಅಂತ ಗೊತ್ತಾದ ಮೇಲೆ ದಾರಿ ಸುಲಭ. ಡೆಲ್ಕೋ ಬಿಚ್ಚಿದರೆ ಒಳಗೆ ಪಾಯಿಂಟ್ ಅನ್ನುವ ಎರಡು ಪುಟ್ಟ ಲೋಹದ ತುದಿಗಳು, ಪಕ್ಕದಲ್ಲಿ ಕಂಡೆನ್ಸರ್. ಪಾಯಿಂಟು ತೆರೆದು ಮುಚ್ಚಿ ಮಾಡುತ್ತಿರುತ್ತದೆ. ನಾಲ್ಕು ಸಿಲಿಂಡರಿನ ಗಾಡಿಯಲ್ಲಿ ಎಂಜಿನ್ ಎರಡು ಸುತ್ತು ತಿರುಗುವಾಗ ನಾಲ್ಕು ಸಲ. ನಿಮಿಷಕ್ಕೆ 3000 ಸುತ್ತು ಅಂದರೆ 6000 ಸಲ, ಸೆಕೆಂಡಿಗೆ 100 ಸಲ. ಪ್ರತಿ ಸಲ ತೆರೆಯುವಾಗಲೂ ಅಲ್ಲಿ ಕರೆಂಟು ಹಾರಲು ನೋಡುತ್ತದೆ. ಅದನ್ನು ನುಂಗಿಕೊಳ್ಳುವುದು ಕಂಡೆನ್ಸರಿನ ಕೆಲಸ. ಅದು ನುಂಗಿದರೆ ಕಿಡಿಗೆ ಬೇಕಾದ ವೋಲ್ಟು ಏರಿಸುವ ಕಾಯಿಲಿನ ಕರೆಂಟು ತಟ್ಟನೆ ಕಡಿಯುತ್ತದೆ, ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ನುಂಗದಿದ್ದರೆ ಕಿಡಿ ಪಾಯಿಂಟಿನಲ್ಲೇ ಹಾರಿ ಮುಗಿಯುತ್ತದೆ. ನನ್ನ ಪಾಯಿಂಟು ನೋಡಿದರೆ ಒಂದು ತುದಿಯಲ್ಲಿ ಗುಂಡಿ, ಇನ್ನೊಂದರಲ್ಲಿ ಮೊಡವೆ. ಹಾಕಿ ಮೂರು ತಿಂಗಳಾಗಿತ್ತು, ಅಷ್ಟೆ.

ಕಂಡೆನ್ಸರಿನ ಒಳಗೆ ಏನಿರುತ್ತದೆ? ತೆಳು ಲೋಹದ ಹಾಳೆ, ನಡುವೆ ಕರೆಂಟು ದಾಟಿಸದ ಪದರ, ಎಲ್ಲ ಸೇರಿಸಿ ಬೀಡಿ ಸುತ್ತಿದ ಹಾಗೆ ಸುತ್ತಿ ಡಬ್ಬಿಯಲ್ಲಿ ತುರುಕಿರುತ್ತಾರೆ. ಈ ಊರಿನಲ್ಲಿ ಬೀಡಿ ಕಟ್ಟಿದವರು ಸುಮಾರು ಜನ ಇದ್ದೀರಿ. ಸುತ್ತು ಸಡಿಲ ಆದರೆ ಬೀಡಿ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಇದೂ ಹಾಗೇ. ತಣ್ಣಗಿರುವಾಗ ಸರಿ ಇರುತ್ತದೆ, ಬಿಸಿಯಾದಾಗ ಒಳಗೊಳಗೇ ಕರೆಂಟು ಸೋರುತ್ತದೆ. ತಣಿದರೆ ಮತ್ತೆ ಸರಿ. ಅದಕ್ಕೇ ಇದರ ಲಕ್ಷಣ ಪೆಟ್ರೋಲು ಆವಿಯಾದ ಲಕ್ಷಣದ ತದ್ರೂಪು. ಬಿಸಿಗೆ ನಿಲ್ಲುತ್ತದೆ, ತಣಿದರೆ ಓಡುತ್ತದೆ.

ಈ ಹಳೇ ಕಂಡೆನ್ಸರ್ ಡಿಕ್ಕಿಯಲ್ಲಿ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿತ್ತು. ಐವತ್ತು ವರ್ಷ ಹಳೇದು ಅಂತ ತೆಗೆದು, ಎಸೆಯಲಿಕ್ಕೆ ಮನಸ್ಸು ಬಾರದೆ ಇಟ್ಟದ್ದು. ಅಲ್ಲೇ ರಸ್ತೆ ಬದಿಯಲ್ಲಿ ಹಾಕಿದೆ. ಒಂದು ಸ್ಕ್ರೂ, ಒಂದು ನಟ್ಟು. ಪಾಯಿಂಟನ್ನು ಸ್ವಲ್ಪ ಅರದಿಂದ ಉಜ್ಜಿದೆ. ಗಾಡಿ ಕಾಸರಗೋಡಿಗೆ ಹೋಯಿತು, ವಾಪಸ್ ಬಂತು. ಬೆಣ್ಣೆ ಡಿಕ್ಕಿಯಲ್ಲಿತ್ತು, ನಾನು ಮೂರು ತಿಂಗಳು ತುಪ್ಪಕ್ಕೆ ಅಲೆದಿದ್ದೆ.

ನೋಡಿ, ನಾನು ಯಾಕೆ ಕಂಡೆನ್ಸರನ್ನು ಸಂಶಯಿಸಲಿಲ್ಲ? ಅದು ಹೊಸದು ಅಂತ. ಗಾಡಿ ಕೆಟ್ಟಾಗ ನಮ್ಮ ಕಣ್ಣು ಹಳೇದರ ಕಡೆಗೇ ಹೋಗುತ್ತದೆ. ಆದರೆ ಆ ಪಂಪು ಮೂರು ದಶಕ ಕೆಲಸ ಮಾಡಿ ತೋರಿಸಿತ್ತು. ಕಂಡೆನ್ಸರ್ ಬಂದು ಮೂರು ತಿಂಗಳಾಗಿತ್ತಷ್ಟೆ. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚಿ ಕಿರೀಟ ಕಟ್ಟಿದ ಮೇಲೆ ಎಲ್ಲರೂ ಅರ್ಜುನನೇ. ರಂಗಸ್ಥಳಕ್ಕೆ ಬಂದು ನಾಲ್ಕು ಮಾತಾಡಿದ ಮೇಲೆ ಗೊತ್ತಾಗುವುದು. ಈಗ ನನ್ನ ಗಾಡಿ ನಿಂತರೆ ನಾನು ಕೇಳುವ ಮೊದಲ ಪ್ರಶ್ನೆ: ಇದು ಶುರುವಾಗುವ ಮೊದಲು ಕೊನೆಗೆ ಬದಲಾಯಿಸಿದ್ದು ಯಾವುದು? ಹಳೇದನ್ನು ವಾಪಸ್ ಹಾಕಿ ನೋಡುತ್ತೇನೆ. ಸರಿಯಾದರೆ ಕಥೆ ಮುಗಿಯಿತು.

ಇದಕ್ಕೆ ಎರಡು ಅಭ್ಯಾಸ ಬೇಕು, ಎರಡೂ ಮೆಕ್ಯಾನಿಕ್‌ಗಳಿಗೆ ಇಷ್ಟ ಇಲ್ಲ. ಹಳೇದನ್ನು ಎಸೆಯಬಾರದು. ಒಂದು ಸಲಕ್ಕೆ ಒಂದೇ ಪಾರ್ಟು ಬದಲಾಯಿಸಬೇಕು. ಅವರು ಪ್ಲಗ್ಗು, ಪಾಯಿಂಟು, ಕಂಡೆನ್ಸರು, ರೋಟರು, ಕ್ಯಾಪು ಎಲ್ಲ ಒಟ್ಟಿಗೆ ಹಾಕಿ "ಇನ್ನು ಎರಡು ವರ್ಷಕ್ಕೆ ಚಿಂತೆ ಇಲ್ಲ" ಅನ್ನುತ್ತಾರೆ. ಆಮೇಲೆ ಗಾಡಿ ಕೆಮ್ಮಿದರೆ ಐದರಲ್ಲಿ ಯಾವುದು ಅಂತ ಹೇಗೆ ಹೇಳುವುದು?

ಪಾರ್ಟು ಎಲ್ಲಿ ಸಿಗುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ಮೊದಲೆಲ್ಲ ಫಿಯೆಟ್ಟಿನ ಪಾರ್ಟಿಗೆ ಮುಂಬಯಿ ಇತ್ತು. ಅಲ್ಲಿ ಆಗ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಹೆಚ್ಚಿನವು ಪದ್ಮಿನಿಗಳೇ ಅಲ್ವಾ? ಅಷ್ಟು ಗಾಡಿ ಓಡುವಾಗ ಅದಕ್ಕೆ ಬೇಕಾದ್ದನ್ನು ಮಾಡುವವರೂ ಇರುತ್ತಾರೆ. 2023ರ ಅಕ್ಟೋಬರಿಗೆ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿ ಮುಗಿಯಿತು. ಬಾವಿಗೆ ಬರುವ ಒರತೆ ನಿಂತ ಹಾಗೆ. ನೀರು ಇನ್ನೂ ಇದೆ, ಆದರೆ ಇಳಿಯುತ್ತಿದೆ. ಈಗ ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈಯ ಪುದುಪೇಟೆ, ಮತ್ತೆ ನಮ್ಮೂರಿನ ಗುಜರಿ. ಗುಜರಿ ಅಂದರೆ ಮಲಯಾಳದವರಿಗೆ ಆಕ್ರಿ. ನಮ್ಮ ಕಾಸರಗೋಡಿನಲ್ಲಿ ಒಂದು ಪಾರ್ಟು ತರಲಿಕ್ಕೆ ಮೂರು ಭಾಷೆ ಬೇಕು. ಗುಜರಿಯವನ ಹತ್ತಿರ ಮಲಯಾಳ, ಲೇತಿನವನ ಹತ್ತಿರ ತುಳು, ದುಡ್ಡು ಯಾಕೆ ಖರ್ಚಾಯಿತು ಅಂತ ಮನೆಯಲ್ಲಿ ಹೇಳಲಿಕ್ಕೆ ಕನ್ನಡ.

ಫೋನಿನಲ್ಲಿ ಹೇಳಿ ತರಿಸಿದರೆ ಕೆಟ್ಟಿರಿ. "ಬುಷ್ ಕಳಿಸಿ" ಅಂದರೆ ಯಾವ ಬುಷ್? ಗಾಡಿಯಲ್ಲಿ ಅದು ಎಷ್ಟು ಕಡೆ ಇದೆ! ನಾನು ಈಗ ಹಳೇ ಪಾರ್ಟನ್ನು ಬಿಳಿ ಕಾಗದದ ಮೇಲಿಟ್ಟು, ಪಕ್ಕದಲ್ಲಿ ಸ್ಟೀಲಿನ ಸ್ಕೇಲು ಇಟ್ಟು, ಮೂರು ಕಡೆಯಿಂದ ಫೋಟೋ ತೆಗೆದು ಕಳಿಸುತ್ತೇನೆ. ಅವರೂ ಸ್ಕೇಲು ಇಟ್ಟೇ ಫೋಟೋ ಕಳಿಸಬೇಕು. ಕಳಿಸದವರ ಹತ್ತಿರ ವ್ಯಾಪಾರ ಇಲ್ಲ.

ಹಳೇ ಸ್ಟಾಕು ಅಂದರೆ ಕೆಲವರಿಗೆ ಬಾಯಲ್ಲಿ ನೀರು. ಗಾಡಿ ತಯಾರಾಗುತ್ತಿದ್ದ ಕಾಲದಲ್ಲೇ ತಯಾರಾಗಿ, ಮಾರಾಟವಾಗದೆ, ಅಂಗಡಿಯ ಅಟ್ಟದಲ್ಲಿ ಪೆಟ್ಟಿಗೆಯ ಒಳಗೇ ಉಳಿದ ಮಾಲು. ಕಬ್ಬಿಣದ್ದು, ಹಿತ್ತಾಳೆದು ಆದರೆ ಕಣ್ಣು ಮುಚ್ಚಿ ತಗೊಳ್ಳಿ, ಚಿನ್ನ. ರಬ್ಬರಿನದ್ದಾದರೆ ಬೇಡ. ನಲವತ್ತು ವರ್ಷ ಪೆಟ್ಟಿಗೆಯಲ್ಲಿದ್ದ ರಬ್ಬರಿಗೂ ನಲವತ್ತು ವರ್ಷ ವಯಸ್ಸು ಆಗಿಯೇ ಇರುತ್ತದೆ. ಪ್ಯಾಕೆಟ್ಟು ಬಿಚ್ಚಿರಲಿಲ್ಲ ಅಂತ ಅದಕ್ಕೆ ಗೊತ್ತಿಲ್ಲ. ಬ್ರೇಕಿನ ಸೀಲು, ಪಂಪಿನ ಡಯಾಫ್ರಾಮು, ಪೆಟ್ರೋಲ್ ಪೈಪು, ಇವು ಈಗಿನದ್ದೇ ಆಗಬೇಕು.

ಪೆಟ್ರೋಲಿನ ಪೈಪಿಗೆ ಇನ್ನೊಂದು ಕಾರಣವೂ ಇದೆ. ಈಗ ನಮಗೆ ಸಿಗುತ್ತಿರುವ ಪೆಟ್ರೋಲಿನಲ್ಲಿ 20 ಶೇಕಡಾ ತನಕ ಎಥನಾಲ್. ಈ ಗಾಡಿ ಮಾಡುವಾಗ ಯಾರೂ ಅದನ್ನು ಕನಸಿನಲ್ಲೂ ನೆನೆಸಿರಲಿಲ್ಲ. ಆ ಕಾಲದ ರಬ್ಬರು ಎಥನಾಲಿಗೆ ಉಬ್ಬುತ್ತದೆ, ಮೆತ್ತಗಾಗುತ್ತದೆ, ಪುಡಿ ಬಿಡುತ್ತದೆ. ಆ ಪುಡಿ ಬಂದು ಕೂರುವುದು ಕಾರ್ಬುರೇಟರಿನ ಜೆಟ್ಟಿನಲ್ಲಿ, ಸೂಜಿಯ ಕಣ್ಣಿನಷ್ಟು ಸಣ್ಣ ತೂತಿನಲ್ಲಿ. ಸಾಲದ್ದಕ್ಕೆ ಎಥನಾಲು ನೀರು ಎಳೆದುಕೊಳ್ಳುತ್ತದೆ. ಜೂನ್, ಜುಲೈಯಲ್ಲಿ ನಮ್ಮಲ್ಲಿ ಉಪ್ಪಿನ ಡಬ್ಬಿಯೇ ನೀರಾಗುತ್ತದೆ, ಇನ್ನು ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕು ಕೇಳಬೇಕಾ? ತಲಪಾಡಿ ದಾಟಿ ಕರ್ನಾಟಕದಲ್ಲಿ ಹಾಕಿಸಿದರೆ ದುಡ್ಡು ಉಳಿಯುತ್ತದೆ, ನೀರು ಎಳೆಯುವುದು ಅದೂ ಎಳೆಯುತ್ತದೆ. ಎಥನಾಲ್ ತಡೆಯುವ ಪೈಪು ಸಿಗುತ್ತದೆ, ವೈಟಾನ್ ಅಂತ ಕೇಳಿ. ರೇಟು ಜಾಸ್ತಿ. ಮೀಟರ್ ಲೆಕ್ಕದಲ್ಲಿ ಎರಡು ಮೀಟರ್ ಸಾಕು, ತಗೊಳ್ಳಿ.

ಇನ್ನು ಅಳತೆಯ ವಿಷಯ. ಹಳೇ ಗಾಡಿ ಇಟ್ಟುಕೊಳ್ಳುವವರು ಮೊದಲು ಕೊಳ್ಳಬೇಕಾದ ಹತ್ಯಾರು ಸ್ಪಾನರ್ ಅಲ್ಲ, ವರ್ನಿಯರ್ ಕ್ಯಾಲಿಪರ್.

ಬೇರಿಂಗು ಬೇಕಾದರೆ "ಫಿಯೆಟ್ ಬೇರಿಂಗ್ ಉಂಟಾ" ಅಂತ ಕೇಳಬೇಡಿ. ಇಲ್ಲ ಅನ್ನುತ್ತಾರೆ. ಹಳೇ ಬೇರಿಂಗನ್ನು ಡೀಸೆಲಿನಲ್ಲಿ ತೊಳೆದು ಅದರ ಅಂಚು ನೋಡಿ. ಅಲ್ಲಿ ನಂಬರು ಕೊರೆದಿರುತ್ತದೆ. 6204 ಅಂತ ಇದೆ ಅಂದುಕೊಳ್ಳಿ. ಕೊನೆಯ ಎರಡು ಅಂಕೆ 04, ಅದನ್ನು ಐದರಿಂದ ಗುಣಿಸಿ, 20. ಒಳಗಿನ ತೂತು 20 ಮಿ.ಮೀ. ಹೊರಗಿನದ್ದು 47, ದಪ್ಪ 14. ಇಡೀ ಲೋಕದಲ್ಲಿ ಎಲ್ಲಿ ತಗೊಂಡರೂ 6204 ಅಂದರೆ ಇದೇ ಅಳತೆ. 04ಕ್ಕಿಂತ ಕೆಳಗೆ ಈ ಗುಣಾಕಾರ ನಡೆಯುವುದಿಲ್ಲ, 6203 ಅಂದರೆ 17 ಮಿ.ಮೀ. ಹಾಗೆ ನಂಬರು ಹಿಡಿದುಕೊಂಡು ಹೋದರೆ ಕಾರಿನ ಅಂಗಡಿ ಯಾಕೆ, ಪಂಪ್‌ಸೆಟ್ ರಿಪೇರಿಯವನ ಹತ್ತಿರ ಸಿಗುತ್ತದೆ. ಆಯಿಲ್ ಸೀಲೂ ಹಾಗೇ. ಅದರ ಮುಖದಲ್ಲೇ ಒಳಗಿನ ಅಳತೆ, ಹೊರಗಿನ ಅಳತೆ, ದಪ್ಪ ಬರೆದಿರುತ್ತದೆ. ನಾನು ಒಂದು ಸೀಲು ತಂದದ್ದು ಅಡಿಕೆ ಸುಲಿಯುವ ಮಿಷನಿನ ಸ್ಪೇರ್ ಇಡುವವರಿಂದ. ಗಾಡಿಗೆ ಅದು ಗೊತ್ತಾಗಿಲ್ಲ.

ಬೋಲ್ಟಿನ ಮಾತು ಮಾತ್ರ ಬೇರೆ. ಅಲ್ಲಿ ಕಣ್ಣು ಮೋಸ ಹೋಗುತ್ತದೆ. ಫಿಯೆಟ್ಟಿನಲ್ಲಿ 10 ಮಿ.ಮೀ. ಬೋಲ್ಟು ಸುಮಾರು ಕಡೆ ಇದೆ, ಅದರ ಮರೆ 1.25. ಅಂದರೆ ಒಂದು ಸುತ್ತಿಗೆ 1.25 ಮಿ.ಮೀ. ಒಳಗೆ ಹೋಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ 10ರ ಬೋಲ್ಟು ಕೇಳಿದರೆ ಕೊಡುವುದು 1.5 ಮರೆಯದ್ದು. ಎರಡು ಸುತ್ತು ಚೆಂದಕ್ಕೆ ಹೋಗುತ್ತದೆ, ಆಮೇಲೆ ಬಿಗಿ. "ತುಕ್ಕು ಹಿಡಿದಿದೆ" ಅಂತ ನಮ್ಮ ಹುಡುಗರು ಪೈಪು ಹಾಕಿ ತಿರುಗಿಸುತ್ತಾರೆ. ಅಲ್ಯೂಮಿನಿಯಮ್ಮಿನ ತೂತಾದರೆ ಅಲ್ಲಿಗೆ ಮುಗಿಯಿತು. ಅಂಬಾಸಿಡರಿನಲ್ಲಿ ಇನ್ನೊಂದು ತಮಾಷೆ. ಅದು ಬ್ರಿಟಿಷರ ಮಾರಿಸ್ ಆಕ್ಸ್‌ಫರ್ಡಿನಿಂದ ಬಂದ ಗಾಡಿ, ಇಂಚಿನ ಲೆಕ್ಕ. 5/16 ಇಂಚು ಅಂದರೆ 7.94 ಮಿ.ಮೀ. ನಮ್ಮ 8ರ ಬೋಲ್ಟಿಗೂ ಅದಕ್ಕೂ ಕೂದಲೆಳೆ ವ್ಯತ್ಯಾಸ. ಮರೆ ಬೇರೆ. ಪೆರ್ಲದ ಕಡೆಯ ನನ್ನ ಗೆಳೆಯನೊಬ್ಬ ಹೀಗೆ ಬೋಲ್ಟು ತುಂಡು ಮಾಡಿ, ಅದನ್ನು ಡ್ರಿಲ್ ಹಾಕಿ ತೆಗೆಯಲಿಕ್ಕೆ ಹೋಗಿ, ಡ್ರಿಲ್ಲಿನ ಬಿಟ್ಟನ್ನೂ ಒಳಗೆ ತುಂಡು ಮಾಡಿಕೊಂಡ. ಈಗ ಆ ಗಾಡಿಯ ಸುದ್ದಿ ಎತ್ತಿದರೆ ಅಡಿಕೆಯ ರೇಟು ಮಾತಾಡುತ್ತಾನೆ. ಕೈಯಲ್ಲಿ ಕೊನೆಯವರೆಗೆ ಹೋಗದ ಬೋಲ್ಟಿಗೆ ಸ್ಪಾನರ್ ಹಾಕಬಾರದು. ನಾನು ಪ್ರತಿಯೊಂದನ್ನೂ ಬರೀ ಬೆರಳಲ್ಲಿ ತಿರುಗಿಸಿ ನೋಡುತ್ತೇನೆ.

ಬ್ರೇಕಿನ ಬಗ್ಗೆ ಸ್ವಲ್ಪ ಗಂಭೀರವಾಗಿ ಮಾತಾಡಬೇಕು. ಇಷ್ಟು ಹೊತ್ತು ಹೇಳಿದ್ದೆಲ್ಲ ತಪ್ಪಾದರೆ ಗಾಡಿ ನಿಲ್ಲುತ್ತದೆ. ಇದು ತಪ್ಪಾದರೆ ಗಾಡಿ ನಿಲ್ಲುವುದಿಲ್ಲ.

ನಾನು ಮುಂದಿನ ಬಲಗಡೆಯ ವೀಲ್ ಸಿಲಿಂಡರ್, ಅಂದರೆ ಆಯಿಲಿನ ಒತ್ತಡದಿಂದ ಆ ಚಕ್ರದ ಬ್ರೇಕನ್ನು ದೂಡುವ ಪಾರ್ಟು, ಬದಲಾಯಿಸಿದೆ. ಎಡಗಡೆಯದ್ದು ಸರಿ ಇತ್ತು, ಬಿಟ್ಟೆ. ಬ್ರೇಕು ಹಾಕಿದರೆ ಸ್ಟೇರಿಂಗು ಎಡಕ್ಕೆ ಎಳೆಯತೊಡಗಿತು. ಲೈನರ್ ಉಜ್ಜಿದೆವು, ಡ್ರಮ್ಮು ಲೇತಿಗೆ ಹೋಗಿ ಬಂತು, ಗಾಳಿ ತೆಗೆದೆವು, ಟೈರು ಅದಲು ಬದಲು ಮಾಡಿದೆವು. ಎಳೆಯುವುದು ಎಳೆಯುತ್ತಲೇ ಇತ್ತು. ಕೊನೆಗೆ ಹಳೇ ಸಿಲಿಂಡರ್ ನೆನಪಾಯಿತು. ಹೊರಗಿನ ಆಕಾರ, ಬೋಲ್ಟಿನ ತೂತು ಎಲ್ಲ ಒಂದೇ. ಒಳಗೆ ವರ್ನಿಯರ್ ಇಟ್ಟರೆ ಹಳೇದು 25 ಮಿ.ಮೀ., ಹೊಸದು 22. ಮೂರು ಮಿಲಿಮೀಟರ್ ಅಷ್ಟೇ ಅಲ್ವಾ ಅನ್ನಿಸುತ್ತದೆ. ಆದರೆ ದೂಡುವ ಬಲ ವ್ಯಾಸದ ಮೇಲೆ ಅಲ್ಲ, ವಿಸ್ತೀರ್ಣದ ಮೇಲೆ. 22ರ ವರ್ಗ 484, 25ರ ವರ್ಗ 625. ಬಲಗಡೆಯ ಬ್ರೇಕು ಸುಮಾರು ಕಾಲು ಭಾಗ ಕಡಿಮೆ ಬಲದಲ್ಲಿ ಹಿಡಿಯುತ್ತಿತ್ತು. ಎಡಕ್ಕೆ ಎಳೆಯದೆ ಮತ್ತೇನು ಮಾಡೀತು? ಯಾವುದೋ ಬೇರೆ ಗಾಡಿಯ ಸಿಲಿಂಡರ್, "ಇದೂ ಆಗ್ತದೆ" ಅಂತ ಕೊಟ್ಟದ್ದು. ಈ "ಆಗ್ತದೆ" ಅನ್ನುವ ಮಾತು ಕೇಳಿದರೆ ನಾನು ಈಗ ವರ್ನಿಯರ್ ಹೊರಗೆ ತೆಗೆಯುತ್ತೇನೆ.

ಇನ್ನೊಂದು ಬ್ರೇಕ್ ಹೋಸು. ಇದು ಹೊಸದರದ್ದಲ್ಲ, ಹಳೇದರ ಮೋಸ. ನ್ಯಾಯಕ್ಕೆ ಅದನ್ನೂ ಹೇಳಬೇಕಲ್ಲ. ಹೊರಗಿನಿಂದ ನೋಡಿದರೆ ರಬ್ಬರು ಗಟ್ಟಿಯಾಗಿದೆ, ಬಿರುಕಿಲ್ಲ. ಒಳಗೆ ಉಬ್ಬಿ ದಾರಿ ಮುಚ್ಚಿರುತ್ತದೆ. ಪೆಡಲು ಒತ್ತಿದಾಗ ಆಯಿಲು ಒತ್ತಡಕ್ಕೆ ಹೇಗೋ ನುಗ್ಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ. ಆ ಚಕ್ರದ ಬ್ರೇಕು ಹಿಡಿದೇ ಇರುತ್ತದೆ, ಡ್ರಮ್ಮು ದೋಸೆ ಕಾವಲಿಯಾಗುತ್ತದೆ. ಜನ ಸಿಲಿಂಡರ್ ಬದಲಾಯಿಸುತ್ತಾರೆ, ಸ್ಪ್ರಿಂಗು ಬದಲಾಯಿಸುತ್ತಾರೆ. ಬ್ರೇಕು ಹಿಡಿದಿರುವಾಗಲೇ ಆ ಚಕ್ರದ ಗಾಳಿ ತೆಗೆಯುವ ನಿಪ್ಪಲು ಸ್ವಲ್ಪ ಸಡಿಲ ಮಾಡಿ. ಆಯಿಲು ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೇ ಸಿಕ್ಕಿಬಿದ್ದಿದೆ ಅಂತ ಅರ್ಥ. ಒಂದೇ ಚಕ್ರ ಹಾಗಾದರೆ ಮೊದಲು ಆ ಹೋಸಿನ ಮೇಲೆ ಸಂಶಯ ಪಡಿ. ಗುಜರಿಯಿಂದ ಬಾಗಿಲು ತನ್ನಿ, ಬಂಪರು ತನ್ನಿ. ಬ್ರೇಕಿನ ರಬ್ಬರು ತರಬೇಡಿ.

ಕಾಯಿಲಿನ ಬಗ್ಗೆ ಒಂದೇ ಮಾತು. ಅಂಗಡಿಯಲ್ಲಿ ಎರಡು ತರದ್ದು ಸಿಗುತ್ತದೆ, ಎರಡರ ಮೇಲೂ 12 ವೋಲ್ಟ್ ಅಂತಲೇ ಬರೆದಿರುತ್ತದೆ. ಒಂದರ ರೆಸಿಸ್ಟೆನ್ಸ್ ಸುಮಾರು 3 ಓಮ್, ಇನ್ನೊಂದರದ್ದು 1.5. ಎರಡನೆಯದ್ದು ಹೊರಗೆ ಕರೆಂಟು ತಗ್ಗಿಸುವ ಬಲ್ಲಾಸ್ಟ್ ರೆಸಿಸ್ಟರ್ ಇರುವ ಗಾಡಿಗೆ. ಅದನ್ನು ಸೀದಾ ಹಾಕಿದರೆ 4 ಆಂಪಿಯರ್ ಹರಿಯುವಲ್ಲಿ 8 ಹರಿಯುತ್ತದೆ. ಗಾಡಿ ಮೊದಲು ಓಡುವುದು ಬೊಂಬಾಟಾಗಿ. ಆಮೇಲೆ ಪಾಯಿಂಟು ಸುಡುತ್ತದೆ, ಕಾಯಿಲು ಮುಟ್ಟಲಿಕ್ಕಾಗದಷ್ಟು ಬಿಸಿಯಾಗುತ್ತದೆ. ಅಂಗಡಿಯ ಕಟ್ಟೆಯಲ್ಲೇ ಮಲ್ಟಿಮೀಟರ್ ಇಟ್ಟು ನೋಡಿ. ಅಂಗಡಿಯವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಈ ಕಂಡೆನ್ಸರನ್ನೂ ಅದರಲ್ಲೇ ನೋಡಬಹುದು, 0.2 ಮೈಕ್ರೋಫ್ಯಾರಡ್ ಆಸುಪಾಸು ತೋರಿಸಬೇಕು. ಆದರೆ ತಣ್ಣಗಿರುವಾಗ ನೋಡಿ ಪ್ರಯೋಜನ ಇಲ್ಲ. ನಾನು ಮಗಳ ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ ನೋಡುತ್ತೇನೆ. ಹಾಗೆ ನೋಡಿದಾಗಲೇ ಆ ಹೊಸ ಕಂಡೆನ್ಸರಿನ ಬಣ್ಣ ಬಯಲಾದದ್ದು. ಮೀಟರಿನ ಅಂಕೆ ನೋಡ ನೋಡುತ್ತಿದ್ದಂತೆ ಎಲ್ಲೆಲ್ಲೋ ಓಡಿತು.

ಒಬ್ಬರು ಕೇಳಿದರು, ಇಷ್ಟೆಲ್ಲ ತಾಪತ್ರಯ ಯಾಕೆ, ಪಾಯಿಂಟು, ಕಂಡೆನ್ಸರು ಬೇಡದ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಬಿಡಬಹುದಲ್ಲ ಅಂತ. ಹಾಕಬಹುದು. ದಿನಾ ಓಡಿಸುವವರು ಹಾಕಿಕೊಳ್ಳಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ಅದು ಕೈಕೊಟ್ಟರೆ ಎಡನೀರಿನಲ್ಲಿ ಹಾರ್ಲಿಕ್ಸ್ ಬಾಟಲಿಯಿಂದ ತೆಗೆದು ಹಾಕಲಿಕ್ಕೆ ಏನೂ ಇರುವುದಿಲ್ಲ. ಇನ್ನೊಂದು, ಐವತ್ತು ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸುವ ನಿಯಮ 2021ರಲ್ಲಿ ಬಂದಿದೆ. ನಂಬರಿನಲ್ಲಿ ವಿಎ ಅಂತ ಅಕ್ಷರ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ. ಚಾಸಿ, ಬಾಡಿ, ಎಂಜಿನ್ ಮೂಲದ ಹಾಗೇ ಇರಬೇಕು. ಹಾಗೆ ಮಾಡಿಸಿದರೆ ದಿನನಿತ್ಯ ಓಡಿಸುವ ಹಾಗಿಲ್ಲ. ನನಗೆ ಚೆರ್ಕಳಕ್ಕೆ ಹೋಗಿ ಮೀನು ತರಬೇಕು, ಹಾಗಾಗಿ ನಾನು ಮಾಡಿಸಿಲ್ಲ.

ಈಗ ಎಲ್ಲ ಸರಿಯಾಗಿದೆಯಾ ಅಂತ ನೀವು ಕೇಳಬಹುದು. ಇಲ್ಲ. ಪೆಟ್ರೋಲಿನ ಮುಳ್ಳು ಸರಿಯಿಲ್ಲ. ಟ್ಯಾಂಕಿನ ಒಳಗೆ ತೇಲುವ ಒಂದು ಫ್ಲೋಟು ಇರುತ್ತದೆ, ಅದು ಮೇಲೆ ಕೆಳಗೆ ಹೋದ ಹಾಗೆ ರೆಸಿಸ್ಟೆನ್ಸ್ ಬದಲಾಗಿ ಮುಳ್ಳು ತಿರುಗುತ್ತದೆ. ಹಳೇದು ತುಕ್ಕು ಹಿಡಿದು ಹೋಗಿತ್ತು, ಹೊಸದು ಹಾಕಿದೆ. ಅದು ಬೇರೆ ಯಾವುದೋ ಗಾಡಿಯದ್ದು. ಅದರಲ್ಲಿ ಲೆಕ್ಕ ಉಲ್ಟಾ. ಟ್ಯಾಂಕು ತುಂಬಿಸಿದರೆ ಮುಳ್ಳು ಖಾಲಿ ತೋರಿಸುತ್ತದೆ, ಪೆಟ್ರೋಲು ಮುಗಿಯುತ್ತಾ ಬಂದ ಹಾಗೆ ಮೇಲೇರುತ್ತದೆ. ಹಳೇದು ಮನೆಯಲ್ಲಿದೆ, ಅದರ ತಂತಿಯನ್ನು ಮಂಗಳೂರಿನಲ್ಲಿ ಒಬ್ಬರು ಸುತ್ತಿಕೊಡುತ್ತೇನೆ ಅಂದಿದ್ದಾರೆ. ಅಲ್ಲಿಯವರೆಗೆ ಕಿಲೋಮೀಟರ್ ಬರೆದಿಟ್ಟು ಲೆಕ್ಕ ಹಾಕುತ್ತೇನೆ.

ಇವತ್ತು ಬರುವಾಗ ಮುಳ್ಳು ಫುಲ್ ತೋರಿಸುತ್ತಿತ್ತು. ನೀರ್ಚಾಲಿನ ಕಡೆಗೆ ಹೋಗುವವರಿದ್ದರೆ ಹೇಳಿ, ಹಿಂದಿನ ಸೀಟಿನಲ್ಲಿ ಮೂರು ಜನಕ್ಕೆ ಜಾಗ ಇದೆ. ಸ್ವಲ್ಪ ಗಟ್ಟಿಮುಟ್ಟಾದವರು ಬಂದರೆ ಒಳ್ಳೇದು. ಆ ಕಂಡೆನ್ಸರ್ ಈಗ ಯಾರ ಕೈಯಲ್ಲಿದೆ?